ಕೇತಜ್ಜಿಯ ನಾಯಿ

ಲಂಟಾನ ಕಡ್ಡಿಯಲ್ಲಿ ಬುಟ್ಟಿ ಹೆಣೆಯುವುದನ್ನು ಕಲಿಯಲು ಪೇಟೆಯಿಂದ ಎಂಟು ಮಂದಿ ಕಾಡಂಚಿನ ಹಾಡಿಗೆ ಬಂದಿದ್ದರು. ಕಲಿಸುತ್ತಿದ್ದ ಕೇತಜ್ಜಿ ತಟ್ಟನೆ ಕೈ ನಿಲ್ಲಿಸಿ ತಲೆಯೆತ್ತಿದಳು. ಮರದ ಮೇಲಿನ ಮುಸುವಗಳು ಒಮ್ಮೆಲೇ ಚೀರಿ ಸುಮ್ಮನಾಗಿದ್ದವು.

“ನಾಯಿ ಬಂದದೆ,” ಎಂದಳು ಪಿಸುದನಿಯಲ್ಲಿ. “ಯಾರೂ ಏಳ್ಬೇಡಿ.”

“ಅಯ್ಯೋ, ನಂಗೆ ನಾಯಿ ಅಂದ್ರೆ ಪ್ರಾಣ ಅಜ್ಜಿ!” ಮೈಥಿಲಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಎದ್ದೇಬಿಟ್ಟಳು.

“ಬ್ಯಾಡ ಕಣವ್ವ, ಕೂತ್ಕೊ!” ಅಜ್ಜಿ ಅವಳ ಸೆರಗು ಹಿಡಿಯಲು ಕೈ ಚಾಚಿದಳು. ಸಿಗಲಿಲ್ಲ.

“ಕಚ್ಚಲ್ಲ ಬಿಡಿ, ನಮ್ಮನೇಲೇ ಮೂರಿವೆ.”

ಅವಳು ಪೊದೆಯ ಹಿಂದೆ ಮರೆಯಾದಳು. “ಬಾ ಪುಟ್ಟಾ, ಬಾ ಬಾ” ಎಂಬ ಕರೆ ಎರಡು ಸಲ ಕೇಳಿಸಿತು.

ಕೇತಜ್ಜಿ ಉಳಿದವರಿಗೆಲ್ಲ ಒತ್ತೊತ್ತಾಗಿ ಕೂರುವಂತೆ ಸನ್ನೆ ಮಾಡಿದಳು. ಅದನ್ನು ಕಂಡು ಮೈಥಿಲಿಯ ಗಂಡನಿಗೆ ನಗು ಬಂತು. “ನಾಯಿಗೆ ಯಾರಾದ್ರೂ ಇಷ್ಟು ಹೆದರ್ತಾರಾ ಅಜ್ಜಿ? ಅದರ ಹೆಸರೇನು ಹೇಳಿ, ನಾನೇ ಕರೀತೀನಿ.”

ಪೊದೆಯ ಹಿಂದೆ ಮೂರನೆಯ ಕರೆ ಅರ್ಧಕ್ಕೇ ನಿಂತಿತು.

“ಪಟ್ಟೆ ಇರೋದ್ರ ಹೆಸ್ರ ಕಾಡಲ್ಲಿ ಎತ್ತಬಾರ್ದು ಸ್ವಾಮಿ,” ಎಂದಳು ಕೇತಜ್ಜಿ. “ಅದ್ಕೇ ನಾಯಿ ಅಂತೀವಿ.”