ಮ್ಯಾಲಿನ ಪ್ಲಾಟಿನ ಐದನೇ ಮನೆ

ಓದಿದರೆ ಸಿಟ್ಟು ಬರುತ್ತದೆ... ಆದರೂ ಪೂರ್ತಿ ಓದಿ. ಹೊಳೆದಂಡೆಯಲ್ಲಿ ನಿಮ್ಮವರು ಯಾರಾದರೂ ಇದ್ದರೆ ಅವರಿಗೂ ಓದಿ ಹೇಳಿ.

ಹೊಳೆದಂಡೆಯ ಒಂದು ಊರು. ಹಿಂದೊಮ್ಮೆ ಪ್ರವಾಹಕ್ಕೆ ಅರ್ಧ ಊರು ಕೊಚ್ಚಿಹೋದ ಮೇಲೆ ಸರ್ಕಾರ ಗುಡ್ಡದ ಮೇಲೆ ಮನೆ ಕಟ್ಟಿಸಿಕೊಟ್ಟಿತು. ಊರವರು ಅದಕ್ಕೆ 'ಮ್ಯಾಲಿನ ಪ್ಲಾಟ್' ಅಂತ ಹೆಸರಿಟ್ಟರು.

ಹೆಸರಿಟ್ಟರು ಅಷ್ಟೇ... ಹೋಗಿ ಇರಲಿಲ್ಲ.

"ಗೂಡಿನಂಥ ಮನಿ, ಎತ್ತು ಕಟ್ಟಾಕ ಜಾಗಾ ಇಲ್ಲ" ಅಂದರು. ಮತ್ತೆ ಹೊಳೆದಂಡೆಗೇ ಇಳಿದು ಸಂಸಾರ ಹೂಡಿದರು. ಮೇಲಿನ ಮನೆಗಳಿಗೆ ಸಗಣಿಯ ಕುಳ್ಳು, ಹೊಟ್ಟು ತುಂಬಿ ಬೀಗ ಜಡಿದರು. ಕೀಲಿ ಎಲ್ಲಿದೆ ಅಂತ ಎಷ್ಟೋ ಜನರಿಗೆ ನೆನಪೇ ಇರಲಿಲ್ಲ.

ಎಲ್ಲರಿಗಿಂತ ಮುಂದೆ ಗದಿಗೆಪ್ಪ. ದೊಡ್ಡ ಕಮತ, ಅದಕ್ಕಿಂತ ದೊಡ್ಡ ಬಾಯಿ. ತನ್ನದು, ತಮ್ಮಂದಿರದು ಸೇರಿಸಿ ಒಂದೇ ಸಾಲಿನ ನಾಲ್ಕು ಮನೆಗೆ ಜೋಳದ ಕಣಿಕೆ, ಅಂದರೆ ದನದ ಮೇವಿನ ಒಣ ದಂಟು, ತುಂಬಿದ್ದ.

ಆ ಸಾಲಿನ ಐದನೇ ಮನೆ ನಿಂಬೆವ್ವ ಎಂಬ ಮುದುಕಿಯದು.

ಹಿಂದಿನ ಪ್ರವಾಹದಲ್ಲಿ ನಿಂಬೆವ್ವ ಎರಡು ದಿನ ಹನುಮಪ್ಪನ ಗುಡಿಯ ಮಾಳಿಗೆ ಮೇಲೆ ಕೂತಿದ್ದಳು. ಗಂಡನ ಜೀವ ಅಲ್ಲೇ, ಅವಳ ತೊಡೆಯ ಮೇಲೆಯೇ ಹೋಗಿತ್ತು.

ಕೂಲಿಗಾಗಿ ಅವಳೂ ಕೆಳಗೇ ಇರುತ್ತಿದ್ದಳು. ಆದರೆ ವಾರಕ್ಕೊಮ್ಮೆ ಗುಡ್ಡ ಹತ್ತಿ ಆ ಮನೆ ಗುಡಿಸುತ್ತಿದ್ದಳು. ಎರಡು ಕೊಡ ಹೊಸ ನೀರು, ಒಣ ಕಟ್ಟಿಗೆ, ಪ್ಲಾಸ್ಟಿಕ್ ಚೀಲದಲ್ಲಿ ಕಡ್ಡಿಪೆಟ್ಟಿಗೆ, ಹಾಸಿ ಹೊದೆಯಲು ಎರಡು ಕೌದಿ... ಎಲ್ಲ ಸಿದ್ಧ ಇಡುತ್ತಿದ್ದಳು.

ಊರು ನಗುತ್ತಿತ್ತು. ನಗೋದಕ್ಕೇನು, ಖರ್ಚಿಲ್ಲದ ಕೆಲಸ.

ಈ ವರ್ಷ ಸುಗ್ಗಿಯಲ್ಲಿ ಕಣಿಕೆ ಹೆಚ್ಚಾಯಿತು. ಗದಿಗೆಪ್ಪ ಅವಳ ಮನೆಯನ್ನೂ ಕೇಳಿದ.

"ಕೊಡೂದಿಲ್ಲಪ್ಪ. ಹೊಳಿ ಬಂದ್ರ ಮಂದಿ ಎಲ್ಲಿ ಹೋಗಬೇಕು?"

"ಹೊಳಿ ಬರತೈತಿ, ಹೊಳಿ ಬರತೈತಿ... ನಿನ್ನ ಬಾಯಾಗ ಬ್ಯಾರೆ ಮಾತ ಬರೂದಿಲ್ಲೇನ ಮುದುಕಿ? ಗಂಡನ್ನ ನುಂಗಿದಾಕಿ, ಈಗ ಊರು ನುಂಗಬೇಕಂತೀಯೇನ?"

ಇಂಥ ಮಾತಾಡುವ ನಾಲಿಗೆಗೆ ಹುಳ ಬೀಳಬೇಕು. ನಿಂಬೆವ್ವ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟಳು.

ಮರುದಿನ ಗದಿಗೆಪ್ಪ ಆಳು ಕರೆತಂದು ಬೀಗ ಒಡೆಸಿದ. ಕೊಡ, ಕೌದಿ ಹೊರಗೆಸೆದು ಸೂರಿನತನಕ ಕಣಿಕೆ ತುರುಕಿಸಿದ. ಅವಳು ಕೊಡ, ಕೌದಿ ಆಯ್ದು ಕೆಳಗೆ ಒಯ್ದಿಟ್ಟು ಊರ ಹಿರಿಯರ ಹತ್ತಿರ ಹೋದಳು. "ದೊಡ್ಡವರ ಸಂಗಾಟ ನಿನಗ್ಯಾಕ ಬೇ ಜಗಳ" ಅಂದು ಕಳಿಸಿಬಿಟ್ಟರು.

ಆಗಸ್ಟ್ ಬಂತು.

ಒಂದು ಬೆಳಿಗ್ಗೆ ಆಟೋದಲ್ಲಿ ಮೈಕ್ ಕೂಗಿಕೊಂಡು ಬಂತು. "ಮ್ಯಾಲಿನ ಡ್ಯಾಮಿಂದ ನೀರು ಬಿಟ್ಟಾರ... ಎಲ್ಲಾರೂ ಎತ್ತರದ ಜಾಗಕ್ಕ ಹೋಗ್ರಿ..."

ಜನ ಆಕಾಶ ನೋಡಿದರು. ಒಂದು ಹನಿ ಮಳೆಯಿಲ್ಲ, ಚುರುಗುಟ್ಟುವ ಬಿಸಿಲು. ಗದಿಗೆಪ್ಪ ಕಟ್ಟೆ ಮೇಲೆ ಕೂತು ನಕ್ಕ.

ಮಳೆ ಬಿದ್ದದ್ದು ದೂರದ ಘಟ್ಟದಲ್ಲಿ. ಈ ಊರ ಬಿಸಿಲು ಕಟ್ಟಿಕೊಂಡು ಹೊಳೆಗೇನಾಗಬೇಕು?

ಮಧ್ಯಾಹ್ನದ ಊಟದ ಹೊತ್ತಿಗೆ ನೀರು ಅಂಗಳಕ್ಕೆ ಬಂತು. ತಾಲೂಕಾಸ್ಪತ್ರೆಗೆ ಹೋಗುವ ಸೇತುವೆ ಮುಳುಗಿತು.

ಅದೇ ಹೊತ್ತಿಗೆ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಗದಿಗೆಪ್ಪನ ಮಗಳು ಕವಿತಾ ಹೊಟ್ಟೆ ಹಿಡಿದುಕೊಂಡು ಕುಸಿದು ಕೂತಳು...

ಗದಿಗೆಪ್ಪ ಮಗಳನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ಗುಡ್ಡ ಹತ್ತಿಸಿದ. ಹತ್ತುವಷ್ಟರಲ್ಲಿ ಇಲ್ಲೂ ಮಳೆ ಶುರುವಾಯಿತು.

ಮೇಲೆ ಅರ್ಧ ಊರು ನೆನೆಯುತ್ತ ನಿಂತಿತ್ತು. ಕೆಲವರು ಕಲ್ಲು ತಗೊಂಡು ತಮ್ಮ ಬೀಗ ತಾವೇ ಒಡೆಯುತ್ತಿದ್ದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಅಂದರೆ ಇದೇ.

ಗದಿಗೆಪ್ಪ ತನ್ನ ಮೊದಲನೇ ಮನೆ ತೆಗೆದ. ಕಾಲಿಡಲು ಜಾಗವಿಲ್ಲ. ಕಣಿಕೆಯ ಸಂದಿಯಿಂದ ಒಂದು ಹಾವು ಹರಿದು ಹೋಯಿತು. ಮಗಳು ಟ್ರ್ಯಾಕ್ಟರಿನಲ್ಲಿ ಚೀರುತ್ತಿದ್ದಳು.

ಆಗ ಐದನೇ ಮನೆ ಕಣ್ಣಿಗೆ ಬಿತ್ತು. ಅದರ ಮುಂದೆ ಅವನ ಕಣಿಕೆಯೆಲ್ಲ ಕೆಸರಲ್ಲಿ ಬಿದ್ದಿತ್ತು.

ಅಂಥ ಹೊತ್ತಲ್ಲೂ ಅವನಿಗೆ ಪಿತ್ತ ನೆತ್ತಿಗೇರಿತು ನೋಡಿ...

"ಯಾವಾಕಿ ನನ್ನ ಕಣಕಿ ಮಣ್ಣಿಗೆ ಹಾಕಿದಾಕಿ?" ಅಂತ ಒಳಗೆ ನುಗ್ಗಿದ.

ಒಳಗೆ ಗುಡಿಸಿದ ನೆಲ. ಹಾಸಿದ ಕೌದಿ. ಒಲೆಯ ಮೇಲೆ ಕುದಿಯುವ ನೀರು. ಊರಿನ ಆಶಾ ಕಾರ್ಯಕರ್ತೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು.

"ನಾನ ಹಾಕಿದಾಕಿ" ಅಂದಳು ನಿಂಬೆವ್ವ. ಕಣಿಕೆಯ ಗರಿ ಕೊಯ್ದು ಅವಳ ಎರಡೂ ಅಂಗೈ ರಕ್ತವಾಗಿದ್ದವು. "ಮೈಕ್ ಕೂಗಿದಾಗಿಂದ ತಗದೇನಿ. ಊರಾಗ ದಿನ ತುಂಬಿದಾಕಿ ನಿನ್ನ ಮಗಳೊಬ್ಬಾಕೀನ ಅದಾಳ. ಲಗೂನ ಒಳಗ ತಗೊಂಡ ಬಾ."

ಗದಿಗೆಪ್ಪನ ಸಿಟ್ಟು ಎಲ್ಲಿ ಹೋಯಿತೋ. ಮಗಳನ್ನು ಎತ್ತಿ ತಂದು ಮಲಗಿಸಿದವನೇ "ಎವ್ವಾ..." ಅಂತ ಅವಳ ಕಾಲಿಗೆ ಬಾಗಿದ.

ನಿಂಬೆವ್ವ ಕಾಲು ಹಿಂದೆ ಎಳೆದುಕೊಂಡಳು.

"ಮುಟ್ಟಬ್ಯಾಡ. ನೀ ಅಂದ ಮಾತು ನಾ ಮರತಿಲ್ಲ, ಸಾಯೂತನಕ ಮರಿಯೂದೂ ಇಲ್ಲ. ಇದು ನಿನ್ನ ಸಲುವಾಗಿ ಮಾಡಿದ್ದಲ್ಲ."

ಅವನು ಬಾಗಿಲಲ್ಲಿ ನಿಂತು ಮಗುವಿನ ಹಾಗೆ ಅಳತೊಡಗಿದ.

"ಅಳೂದಾದ್ರ ಕೆಲಸಾ ಮಾಡ್ಕೋತ ಅಳು" ಅಂದಳು ಅವಳು. "ನಾಕೂ ಮನ್ಯಾಗಿನ ಕಣಕಿ ತಗೀ. ಮಂದಿ ಮಕ್ಕಳನ್ನ ಹೊತ್ಕೊಂಡ ಮಳ್ಯಾಗ ನಿಂತಾರ."

ಬಾಗಿಲು ಹಾಕಿಕೊಂಡಳು.

ಆಳುಗಳಿಲ್ಲ, ತಮ್ಮಂದಿರಿಲ್ಲ. ಗದಿಗೆಪ್ಪ ಒಬ್ಬನೇ ತಬ್ಬು ತಬ್ಬು ಕಣಿಕೆ ಹೊತ್ತು ಹೊರಗೆ ಹಾಕಿದ. ಒಂದು ಮನೆ ಖಾಲಿಯಾಯಿತು, ಹತ್ತು ಜನ ಒಳಗೆ ಹೋದರು. ಎರಡನೆಯದೂ ತುಂಬಿತು. ಯಾರೂ ಅವನಿಗೆ ಥ್ಯಾಂಕ್ಸ್ ಹೇಳಲಿಲ್ಲ.

ಮೂರನೇ ಮನೆಯಲ್ಲಿದ್ದಾಗ ಐದನೇ ಮನೆಯಿಂದ ಕೂಸಿನ ಅಳು ಕೇಳಿತು...

ಓಡಿ ಹೋಗಿ ನೋಡಬೇಕೆನಿಸಿತು. ಆದರೆ ನಾಲ್ಕನೇ ಮನೆಯ ಮುಂದೆ ಒಬ್ಬ ತಾಯಿ ಇನ್ನೂ ಎಳೆಗೂಸನ್ನು ಸೆರಗಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಅವನು ಹೋಗಲಿಲ್ಲ. ಕಣ್ಣೀರು ಒರೆಸಿಕೊಳ್ಳೋಣವೆಂದರೆ ಎರಡೂ ಕೈ ತುಂಬ ಕಣಿಕೆ ಇತ್ತು.

*

ಆಪತ್ತು ಬರುವ ಮೊದಲು ಜಾಗ ಮಾಡಿಟ್ಟವರನ್ನು ನೋಡಿ ನಗಬೇಡಿ... ಆಪತ್ತು ಬಂದಾಗ ನಿಲ್ಲಬೇಕಾದದ್ದು ಅವರ ಬಾಗಿಲಲ್ಲೇ.

ನಿಮ್ಮೂರಿನ ಎತ್ತರದ ಜಾಗದಲ್ಲಿ ಇವತ್ತು ಏನು ತುಂಬಿದೆ... ಒಮ್ಮೆಯಾದರೂ ಹೋಗಿ ನೋಡಿದ್ದೀರಾ?