ಬೆರಳಿನ ಅಳತೆ

"ನೋವಾಗ್ದಂಗೆ ಚುಚ್ತೀನಿ ಕಣವ್ವ," ಎಂದು ಪ್ರಮೀಳಾ ಮಗಳು ವಾಣಿಶ್ರೀಗೆ ಮಾತು ಕೊಟ್ಟು ಎರಡು ವರ್ಷವಾಗಿತ್ತು. ಅದಕ್ಕೇ ದಿನವೂ ಸಕ್ಕರೆ ಕಾಯಿಲೆಯ ಮಗಳ ರಕ್ತ ಪರೀಕ್ಷೆಗೆ ಮೊದಲು ತನ್ನ ಬೆರಳಿಗೇ ಚುಚ್ಚಿಕೊಂಡು ನೋಡಿ, ಆಮೇಲೆ ಸೂಜಿ ಬದಲಾಯಿಸುತ್ತಿದ್ದಳು. ಚುಚ್ಚುವ ಪೆನ್ನಿನಲ್ಲಿ ಸೂಜಿ ಎಷ್ಟು ಆಳ ಇಳಿಯಬೇಕೆಂದು ಹೊಂದಿಸುವ ತಿರುಪು ಕೊನೆಯ ಅಂಕೆ ಐದರಲ್ಲಿದ್ದರೂ ಅವಳಿಗೆ ಇರುವೆ ಮುಟ್ಟಿದಂತೆ ಅಷ್ಟೇ. ಮಗಳು "ಉರೀತದವ್ವ" ಅಂದರೆ, "ನಂಗೇನೂ ಆಗ್ಲಿಲ್ಲ, ಸುಮ್ನಿರು" ಅನ್ನುತ್ತಿದ್ದಳು.

ಇಂದು ಆಸ್ಪತ್ರೆಯಲ್ಲಿ ನರ್ಸಮ್ಮ ಪ್ರಮೀಳಾಳ ಬೆರಳುಗಳನ್ನು ಒತ್ತಿ ನೋಡಿದಳು. ಹೊಗೆಸೊಪ್ಪು ಕಟ್ಟಿ ಕಟ್ಟಿ ತುದಿಗಳು ಜಡ್ಡುಗಟ್ಟಿದ್ದವು. "ಈ ಬೆರಳಿನ ಅಳತೇಲಿ ಮಗೀಗೆ ಚುಚ್ತಿದ್ರಾ?" ಎಂದು ತಿರುಪನ್ನು ಒಂದಕ್ಕೆ ತಂದು, ಮಗುವಿನ ಬೆರಳಿನ ಪಕ್ಕಕ್ಕೆ ಸೂಜಿ ತಾಗಿಸಿದಳು. ರಕ್ತದ ಹನಿ ಬಂತು.

ವಾಣಿಶ್ರೀ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದಳು. "ಹೂಂ, ಈಗ ಚುಚ್ಚಕ್ಕ," ಎಂದಳು.

ಪ್ರಮೀಳಾ ಕೊಟ್ಟ ಮಾತು ಎರಡು ವರ್ಷ ದಿನವೂ ಮುರಿದಿತ್ತು.