ಬಾಲ ಆಡಿಸುವ ಟ್ರೈಲರ್

ಗಂಡ ಲೈಲ್ ಮಣ್ಣಾದ ಮೇಲೆ ಅದು ಮೊದಲ ಮಾಮೂಲಿ ಬೆಳಿಗ್ಗೆ. ಸಾವಿನ ಮನೆಗೆಂದು ಊಟದ ಪಾತ್ರೆ ಹಿಡಿದು ಯಾರೂ ಬಾಗಿಲಿಗೆ ಬರಲಿಲ್ಲ. ರೊವೀನಾ ಒಬ್ಬಳೇ ಕಾಫಿ ಕುಡಿದಳು, ಲೋಟ ತೊಳೆದಿಟ್ಟಳು, ಹಿತ್ತಲಿಗೆ ಹೋಗಿ, ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆಯುವ ಅಡುಗೆ ಟ್ರೈಲರಿನ ಬೀಗ ತೆಗೆದಳು. ಹಿಕರಿ ಕಟ್ಟಿಗೆಯ ಹೊಗೆ ವಾಸನೆ ಮುಖಕ್ಕೆ ಹೊಡೆಯಿತು. ಲೈಲನ ಅಂಗಿಗಳಿಗೂ ಅದೇ ವಾಸನೆ ಇತ್ತು. ನಿದ್ದೆಯಲ್ಲೇ ಹೋಗಿಬಿಟ್ಟಿದ್ದ ಗಂಡ, ಒಂದು ಮಾತೂ ಹೇಳದೆ. ಶನಿವಾರ ಪಕ್ಕದ ಕೌಂಟಿಯಲ್ಲಿ ಹೊಗೆಯಲ್ಲಿ ಮಾಂಸ ಬೇಯಿಸುವ ಬಾರ್ಬೆಕ್ಯೂ ಸ್ಪರ್ಧೆ. ಅದಕ್ಕೆ ತಂಡದ ಹೆಸರು ಮಾತ್ರ ಕೊಟ್ಟು ಹೋಗಿದ್ದ. ತಂಡವೆಂದರೆ ಅವರಿಬ್ಬರೇ. ಬೆಂಕಿ ಅವನದು. ಬೆಂದ ಮಾಂಸವನ್ನು ತೀರ್ಪುಗಾರರಿಗೆ ಕೊಡುವ ಡಬ್ಬಿಯಲ್ಲಿ ಹಸಿರು ಸೊಪ್ಪಿನ ಮೇಲೆ ಜೋಡಿಸುವುದು ಇವಳದು.

ಅತ್ತೆ ಅರ್ಲೀನ್ ಕಾರಿನಿಂದಿಳಿದು ನೇರ ಹಿತ್ತಲಿಗೇ ಬಂದಳು. ಬಂದವಳೇ, ಈ ಟ್ರೈಲರನ್ನು ಮಾರಿಬಿಡು ಎಂದಳು. ಹೋದ ವರ್ಷ ಹೆದ್ದಾರಿಯಲ್ಲಿ ಅವಳು ಇವರ ಹಿಂದೆಯೇ ಕಾರಿನಲ್ಲಿ ಬರುತ್ತಿದ್ದಾಗ, ಟ್ರೈಲರು ನಾಯಿ ಬಾಲ ಆಡಿಸಿದಂತೆ ಅತ್ತಿತ್ತ ತೂಗಾಡಿ ಎದುರಿನ ದಾರಿಗೇ ನುಗ್ಗಿತ್ತು.

"ನಾನು ಕಣ್ಣಾರೆ ಕಂಡಿದೀನಿ ಕಣೇ. ಒಬ್ಬನ್ನ ಮಣ್ಣು ಮಾಡಿದ್ದು ಸಾಕು."

ರೊವೀನಾ ಅವಳ ಕೈ ಹಿಡಿದು ಟ್ರೈಲರಿನೊಳಗೆ ಹತ್ತಿಸಿದಳು. ಕಬ್ಬಿಣದ ಹೊಗೆಒಲೆ ಹಿಂಬದಿಯ ಜಾಲರಿ ಹೊದಿಸಿದ ಕಟ್ಟೆಯಲ್ಲಿ ಕೂತಿತ್ತು. ಹೊಗೆ ಹೊರಗೆ ಹೋಗಬೇಕು, ಅದು ಅಲ್ಲೇ ಇರಬೇಕು. ಆದರೆ ಬೆಂಕಿಯ ಮುಂದೆ ನಿಂತರೆ ಎಲ್ಲವೂ ಕೈಗೆಟುಕಬೇಕು ಎಂದು ಲೈಲ್ ನೀರಿನ ಟ್ಯಾಂಕು, ಸೌದೆ ಪೆಟ್ಟಿಗೆ, ಐಸ್ ಪೆಟ್ಟಿಗೆ ಎಲ್ಲವನ್ನೂ ಚಕ್ರದಿಂದ ಹಿಂದಕ್ಕೇ ತುಂಬಿದ್ದ. ಮುಂದುಗಡೆ ಒಂದು ಮಂಚ, ಏಪ್ರನ್ ಇಡುವ ಒಂದು ಬೀರು. ಭಾರವೆಲ್ಲ ಹಿಂದೆ, ಮೂತಿ ಹಗುರ. ಬಾಲ ಆಡಿಸದೆ ಇನ್ನೇನು ಮಾಡೀತು ಎಂದು ರೊವೀನಾ ಕೇಳಿದಳು. ಭಾರ ಮುಂದಕ್ಕೆ ತಂದು ಇವತ್ತೇ ಓಡಿಸಿ ತೋರಿಸುತ್ತೇನೆ ಎಂದಳು.

ಅರ್ಲೀನ್ ಒಲೆಯನ್ನು ಒಮ್ಮೆ ತಳ್ಳಿ ನೋಡಿದಳು. "ನೆಟ್ಟಗೆ ಓಡಿದ್ರೆ ಸ್ಪರ್ಧೆಗೆ ಹೋಗು. ಪಕ್ಕದಲ್ಲಿ ನಾನೇ ಕೂತಿರ್ತೀನಿ. ಒಂದೇ ಒಂದ್ಸಲ ಅಲ್ಲಾಡಿದ್ರೂ ಮಾರಾಟದ ಬೋರ್ಡು ಹಾಕ್ತೀನಿ, ಆಮೇಲೆ ಅಳಬೇಡ." ಹೇಳಿದವಳೇ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದಳು.

ಆಮೇಲೆ ಇಬ್ಬರಿಗೂ ಮೈಮೇಲೆ ಏನೋ ಬಂದಂತಾಯಿತು. ಮಂಚ ಬಿಚ್ಚಿದರು, ಟ್ಯಾಂಕು ಜಾರಿಸಿದರು, ಪೈಪು ಉದ್ದ ಮಾಡಿದರು. ಸೌದೆ ಪೆಟ್ಟಿಗೆ ಮುಂದಿನ ಗೋಡೆಗೆ ಬಂತು, ಕೈ ತೊಳೆಯುವ ತೊಟ್ಟಿ ಬಾಗಿಲ ಪಕ್ಕಕ್ಕೆ. ಒಂದು ಸ್ಕ್ರೂ ಸಾಕಾಗುವ ಕಡೆ ಮಗ ನಾಲ್ಕು ಹೊಡೆದಿದ್ದಾನೆಂದು ಅರ್ಲೀನ್ ಡ್ರಿಲ್ಲು ಹಿಡಿದು ಬೈಯುತ್ತಲೇ ಇದ್ದಳು. ಮಾಂಸ ಕೊಯ್ಯುವ ಮೇಜನ್ನು ಲೈಲ್ ತನ್ನ ಎತ್ತರಕ್ಕೆ ಮಾಡಿಕೊಂಡಿದ್ದ. ರೊವೀನಾಗೆ ಅದು ಎದೆಮಟ್ಟ ಬರುತ್ತಿತ್ತು. ಅದರ ಕಾಲಿಗೆ ಗರಗಸ ಇಟ್ಟವಳು ಹಾಗೇ ನಿಂತುಬಿಟ್ಟಳು.

"ಕೊಯ್ಯೇ," ಎಂದಳು ಅರ್ಲೀನ್. "ಇನ್ಮೇಲೆ ಅಲ್ಲಿ ನಿಲ್ಲೋಳು ನೀನು."

ಬೀರು ಸರಿಸಿದಾಗ ಅದರಡಿಯಲ್ಲಿ ಎರಡು ಕಬ್ಬಿಣದ ತುಂಡುಗಳು ಸಿಕ್ಕವು. ಟ್ರ್ಯಾಕ್ಟರಿನ ಮೂತಿ ಏಳದಿರಲೆಂದು ಮುಂದೆ ಸಿಗಿಸುವ ಭಾರ. ಮೇಲೆ ಬಿಳಿ ಬಣ್ಣದಲ್ಲಿ ಗ್ರೇಡಿಯ ಹೆಸರು. ರಸ್ತೆಯಾಚೆಯ ಸೋಯಾ ಹೊಲದವನು ಗ್ರೇಡಿ. ಆ ಸ್ಪರ್ಧೆಯನ್ನು ವರ್ಷಾ ವರ್ಷಾ ಗೆಲ್ಲುವವನೂ ಅವನೇ. ಅರ್ಲೀನ್ ಸೊಂಟ ಹಿಡಿದುಕೊಂಡು ನಕ್ಕಳು. ಬಾಲ ಆಡಿಸ್ತು ಅಂತ ಮೂತಿಗೆ ಭಾರ ಹಾಕೋಕೆ, ಟ್ಯಾಂಕು ಸರಿಸೋದು ಬಿಟ್ಟು ಊರವರ ಕಬ್ಬಿಣ ತಂದಿಟ್ಟಿದಾನೆ ನೋಡು, ಥೇಟು ಅವರಪ್ಪ, ಎಂದಳು. ಹಾಗೇ ಇರಲಿ, ಧೈರ್ಯಕ್ಕೆ ಎಂದೂ ಸೇರಿಸಿದಳು. ರೊವೀನಾ ಒಪ್ಪಲಿಲ್ಲ. ಇವನ್ನಿಟ್ಟುಕೊಂಡು ನೆಟ್ಟಗೆ ಓಡಿದರೆ ಅದು ನಮ್ಮ ಕೆಲಸ ಹೇಗಾಗುತ್ತದೆ? ಇಬ್ಬರೂ ಸೇರಿ ಒಂದೊಂದಾಗಿ ಎತ್ತಿ ಹುಲ್ಲಿನ ಮೇಲೆ ಹಾಕಿದರು.

ಟ್ಯಾಂಕಿಗೆ ನೀರು ತುಂಬಿ, ಪೆಟ್ಟಿಗೆಗೆ ಸೌದೆ ತುಂಬಿ, ಪಿಕಪ್ಪಿಗೆ ಟ್ರೈಲರ್ ಕಟ್ಟಿ ಹೊರಟರು. ಅರ್ಲೀನ್ ಒಂದು ಕೈಯಲ್ಲಿ ಬಾಗಿಲು ಹಿಡಿದು ಪಕ್ಕದ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಹೆದ್ದಾರಿಯಲ್ಲಿ ವೇಗ ಏರಿತು. ಎದುರಿನಿಂದ ಕಾಳು ತುಂಬಿದ ದೊಡ್ಡ ಲಾರಿ ಬಂತು. ಹೋದ ವರ್ಷ ಇಂಥದ್ದೇ ಒಂದು ಲಾರಿಯ ಗಾಳಿಗೆ ಬಾಲ ತಿರುಗಿದ್ದು. ರೊವೀನಾ ಸ್ಟೀರಿಂಗನ್ನು ನೆಟ್ಟಗೆ ಹಿಡಿದಳು. ಲಾರಿ ಭರ್ರನೆ ಹಾದು ಹೋಯಿತು. ಪಿಕಪ್ಪು ಒಮ್ಮೆ ನಡುಗಿತು. ಹಿಂದಿನ ಟ್ರೈಲರು ಗೆರೆ ಎಳೆದ ಹಾಗೆ ಬಂತು.

"ಇನ್ನೂ ಒತ್ತು," ಎಂದಳು ಅರ್ಲೀನ್.

ಒತ್ತಿದಳು. ಇನ್ನೊಂದು ಲಾರಿ, ಮತ್ತೊಂದು. ಟ್ರೈಲರು ಅಲ್ಲಾಡಲಿಲ್ಲ. ರೊವೀನಾಗೆ ನಗು ಬಂತು. ತನಗೆ ಇನ್ನೂ ನಗು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಅರ್ಲೀನ್ ಬಾಗಿಲಿನಿಂದ ಕೈ ಬಿಟ್ಟಳು. ಬೆಂಕಿ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಳು. ನಾನೇ, ಎಂದಳು ರೊವೀನಾ.

"ಮತ್ತೆ ಡಬ್ಬಿ ಜೋಡಿಸೋರು?" ಅರ್ಲೀನ್ ಕಿಟಕಿಯ ಗಾಜು ಇಳಿಸಿದಳು. "ನಂಗೆ ಸೊಪ್ಪು ಕಂಡ್ರಾಗಲ್ಲ. ಆದ್ರೂ ಕಲಿಸು."

ಮನೆಗೆ ಬಂದು ಟ್ರೈಲರ್ ಬಿಚ್ಚಿಟ್ಟರು. ಕಬ್ಬಿಣಗಳನ್ನು ಪಿಕಪ್ಪಿಗೆ ಹಾಕಿಕೊಂಡು ಗ್ರೇಡಿಯ ಅಂಗಳಕ್ಕೆ ಹೋದರು. ಅವನು ತನ್ನ ಒಲೆಯ ಜಾಲರಿ ಉಜ್ಜುತ್ತಿದ್ದವನು, ರೊವೀನಾಳನ್ನು ಕಂಡೊಡನೆ ಟೋಪಿ ತೆಗೆದು ನಿಂತ. "ನನ್ನನ್ನ ಸೋಲಿಸಿದ ದಿನ ಇವನ್ನ ವಾಪಸ್ ತಂದ್ಕೊಡ್ತೀನಿ ಅಂದಿದ್ದ ನಿನ್ನ ಗಂಡ," ಎಂದ ಮೆಲ್ಲಗೆ. "ಈಗ ಅದೆಲ್ಲ ಯಾಕಮ್ಮ, ನಿನ್ನ ಹತ್ರನೇ ಇರಲಿ."

ರೊವೀನಾ ಒಂದು ಕಬ್ಬಿಣವನ್ನು ಎರಡೂ ಕೈಯಲ್ಲಿ ಎಳೆದು ಅವನ ಕಾಲಬಳಿ ಇಳಿಸಿದಳು. ಇನ್ನೊಂದನ್ನೂ ಇಳಿಸಿದಳು. ಅಂಗೈಗೆ ಹತ್ತಿದ ತುಕ್ಕನ್ನು ಲಂಗಕ್ಕೆ ಒರೆಸಿಕೊಂಡಳು.

"ಶನಿವಾರ ಸಂಜೆ ಬಹುಮಾನ ಹಿಡ್ಕೊಂಡು ಇವನ್ನೂ ಎತ್ತೋಕಾಗಲ್ಲ ಗ್ರೇಡಿಯವ್ರೇ," ಎಂದಳು. "ಅದಕ್ಕೇ ಇವತ್ತೇ ತಂದೆ."